ನಿಮಗಿದು ಗೊತ್ತೇ? ಆಪರೇಷನ್ ಕೋಣೆಯ ಸಂಬಳದ ಲೆಕ್ಕ

● ಭಾರತ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಇಂಗ್ಲೆಂಡಿನಲ್ಲಿ ವೈದ್ಯಕೀಯ ಓದಿದ ಮೊದಲ ಮಹಿಳೆ ಹುಟ್ಟಿದ್ದು ನಮ್ಮ ಶಿವಮೊಗ್ಗದಲ್ಲಿ! ಹೆಸರು ಜೆರೂಷಾ ಝಿರಾಡ್. ಕೊಂಕಣ ಕರಾವಳಿಯ ಬೆನೆ ಇಸ್ರೇಲ್ ಯಹೂದಿ ಸಮುದಾಯದವರು. ಮುಂಬೈಯ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಓದಿದರು. 1919ರಲ್ಲಿ ಲಂಡನ್ ವಿಶ್ವವಿದ್ಯಾಲಯದಿಂದ ಪ್ರಸೂತಿ ಮತ್ತು ಸ್ತ್ರೀರೋಗ ಶಾಸ್ತ್ರದಲ್ಲಿ ಎಂ.ಡಿ. ಪಡೆದರು.

● ಆ ವಿದ್ಯಾರ್ಥಿವೇತನ ಮೊದಲು ಗಂಡಸರಿಗಷ್ಟೇ ಮೀಸಲಾಗಿತ್ತು. ಕಾಲೇಜಿನಲ್ಲಿ ಬಹುಮಾನಗಳನ್ನು ಬಾಚಿಕೊಂಡಿದ್ದರೂ ಝಿರಾಡ್ ಅವರಿಗೆ ಅದು ಸಿಗಲಿಲ್ಲ. ಟಾಟಾ ಧರ್ಮನಿಧಿಯಿಂದ ಸಾಲ ಮಾಡಿ ಹಡಗು ಹತ್ತಿದರು. ಸರ್ಕಾರ ಕಣ್ಣು ತೆರೆದದ್ದು ಅವರು ಲಂಡನ್ ಸೇರಿದ ಮೇಲೆ.

● ದೇಶಕ್ಕೆ ಮರಳಿದ ಮೇಲೆ 1920ರ ದಶಕದ ಆರಂಭದಲ್ಲಿ ಅವರು ಬೆಂಗಳೂರಿನ ಹೆರಿಗೆ ಆಸ್ಪತ್ರೆಯಲ್ಲಿ ಹಿರಿಯ ಸರ್ಜನ್ ಆಗಿದ್ದರು. 1928ರಿಂದ 1947ರವರೆಗೆ ಮುಂಬೈಯ ಕಾಮಾ ಆಸ್ಪತ್ರೆಯ ಮುಖ್ಯಸ್ಥೆ. ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯರು ಅವರೇ. ದೇಶದ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ಒಕ್ಕೂಟ 1950ರಲ್ಲಿ ಹುಟ್ಟಿದಾಗ ಅದರ ಸ್ಥಾಪಕ ಅಧ್ಯಕ್ಷೆಯೂ ಅವರು. 1966ರಲ್ಲಿ ಪದ್ಮಶ್ರೀ ಬಂತು. ಶಿವಮೊಗ್ಗದ ಶಾಲಾ ಮಕ್ಕಳಿಗೆ ಈ ಹೆಸರು ಬಾಯಿಪಾಠ ಆಗಿರಬೇಕಿತ್ತು. ಮೆಡಿಕಲ್ ಕಾಲೇಜಿನ ಒಂದು ಉಪನ್ಯಾಸ ಸಭಾಂಗಣಕ್ಕಾದರೂ ಈ ಹೆಸರಿಡಬೇಕೆಂದು ನನ್ನ ಆಸೆ.

● ಬ್ರಿಟಿಷರ ಇಂಡಿಯನ್ ಮೆಡಿಕಲ್ ಸರ್ವಿಸ್‌ಗೆ ಮಹಿಳೆಯರು ಸೇರುವಂತಿರಲಿಲ್ಲ. ಹಾಗಾಗಿ 1914ರಲ್ಲಿ ಅವರಿಗಾಗಿ ಮಹಿಳಾ ವೈದ್ಯಕೀಯ ಸೇವೆ ಎಂಬ ಬೇರೆಯದೇ ಸೇವೆ ಶುರುವಾಯಿತು. ಮಾಡುವ ಆಪರೇಷನ್ ಒಂದೇ ಆದರೂ ಸಂಬಳ ಮತ್ತು ದರ್ಜೆ ಗಂಡಸರ ಸೇವೆಗಿಂತ ಕೆಳಗೆ. ಸಂಬಳದ ಭೇದಕ್ಕೆ ನಮ್ಮಲ್ಲಿ ನೂರು ವರ್ಷದ ಇತಿಹಾಸವಿದೆ.

● ಇಂಗ್ಲೆಂಡಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನ ಫೆಲೋ ಪದವಿ ಮೊದಲ ಬಾರಿ ಮಹಿಳೆಗೆ ಸಿಕ್ಕಿದ್ದು 1911ರಲ್ಲಿ, ಎಲಿನೋರ್ ಡೇವಿಸ್-ಕಾಲಿ ಅವರಿಗೆ. ಅದೇ ಕಾಲೇಜಿಗೆ ಮೊದಲ ಮಹಿಳಾ ಅಧ್ಯಕ್ಷೆ ಬಂದದ್ದು 2014ರಲ್ಲಿ, ಕ್ಲೇರ್ ಮಾರ್ಕ್ಸ್. ನಡುವೆ 103 ವರ್ಷ!

● ಇತ್ತ ತಿರುವಾಂಕೂರು ಸಂಸ್ಥಾನದಲ್ಲಿ 1938ರಲ್ಲೇ ಮೇರಿ ಪುನ್ನೆನ್ ಲೂಕೋಸ್ ಸರ್ಜನ್ ಜನರಲ್ ಆಗಿದ್ದರು. ಇಡೀ ಸಂಸ್ಥಾನದ ಆರೋಗ್ಯ ಇಲಾಖೆ ಅವರ ಕೈಕೆಳಗಿತ್ತು.

● ಈಗ ನಮ್ಮೂರಿಗೆ ಬರೋಣ. ಶಿವಮೊಗ್ಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಎಲ್ಲರ ಬಾಯಲ್ಲಿರುವ ಸಿಮ್ಸ್, ಮೊದಲ ಎಂಬಿಬಿಎಸ್ ತಂಡವನ್ನು ಸೇರಿಸಿಕೊಂಡದ್ದು 2007ರಲ್ಲಿ. ಅದರ ಬೋಧನಾ ಆಸ್ಪತ್ರೆ ಮೆಗ್ಗಾನ್. ಭದ್ರಾವತಿಯಿಂದ ಸುಮಾರು 20 ಕಿ.ಮೀ. ದೂರ. ತಾಲೂಕು ಆಸ್ಪತ್ರೆಯಲ್ಲಿ ಆಗದ ಆಪರೇಷನ್‌ಗೆ ಭದ್ರಾವತಿಯ ಬಡವರು ಬಸ್ ಹತ್ತುವುದು ಇಲ್ಲಿಗೇ.

● ಮೆಗ್ಗಾನ್‌ನಂಥ ಆಸ್ಪತ್ರೆಯ ಸರ್ಜನ್‌ಗಳು ಬರೀ ವೈದ್ಯರಲ್ಲ, ಮೇಷ್ಟ್ರುಗಳೂ ಹೌದು. ಬೆಳಿಗ್ಗೆ ರೌಂಡ್ಸ್, ಆಮೇಲೆ ಆಪರೇಷನ್ ಅಥವಾ ಓಪಿಡಿ (ಹೊರರೋಗಿ ವಿಭಾಗ), ನಡುವೆ ಪಾಠ, ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಬಂಧಕ್ಕೆ ಮಾರ್ಗದರ್ಶನ, ಪರೀಕ್ಷೆ, ಸಂಶೋಧನೆ. ಇವರಲ್ಲಿ ಯಾರಿಗೆ ಎಷ್ಟು ಸಂಬಳ, ಯಾರಿಗೆ ಯಾವಾಗ ಬಡ್ತಿ ಎಂಬುದನ್ನು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಕೇಳಬೇಕಾದ ಪ್ರಶ್ನೆ ಅದು.

● 2023ರ ನೀಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದ 11.45 ಲಕ್ಷ ಜನರಲ್ಲಿ 6.55 ಲಕ್ಷ ಮಂದಿ ಹುಡುಗಿಯರು. ಮೆಡಿಕಲ್ ಕಾಲೇಜಿನ ಬಾಗಿಲಲ್ಲಿ ಅವರೇ ಹೆಚ್ಚು. ಎಂಬಿಬಿಎಸ್ ಮುಗಿದ ಮೇಲೆ ಹೆಣ್ಣುಮಕ್ಕಳಿಗೆ ಮನೆಯಿಂದಲೂ ಕಾಲೇಜಿನಿಂದಲೂ ಬರುವ ಬುದ್ಧಿಮಾತು ಒಂದೇ: ‘ಹೆರಿಗೆ ವಿಭಾಗ ತಗೋ, ಮಕ್ಕಳ ವಿಭಾಗ ತಗೋ, ಸರ್ಜರಿ ಯಾಕಮ್ಮಾ?’ ಮೂಳೆ, ನರ, ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ಗಳಿಕೆ ಹೆಚ್ಚು. ಸಂಬಳದ ಕಂದಕ ಮೊದಲು ತೋಡುವುದು ಈ ಬುದ್ಧಿಮಾತೇ.

● ಸರ್ಕಾರಿ ಕಾಲೇಜಿನ ವೇತನ ಶ್ರೇಣಿಯಲ್ಲಿ ಗಂಡು, ಹೆಣ್ಣು ಎಂಬ ಕಲಂ ಇಲ್ಲ. ಅಸಿಸ್ಟೆಂಟ್ ಪ್ರೊಫೆಸರ್ ಯಾರೇ ಆಗಲಿ, ಮೂಲ ವೇತನ ಒಂದೇ. ಇದು ದೊಡ್ಡ ಮಾತು. ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಸಂಬಳವನ್ನು ಒಬ್ಬೊಬ್ಬರೇ ಚೌಕಾಸಿ ಮಾಡಿ ಪಡೆಯಬೇಕು. ಅಂತರ ಅಲ್ಲೇ ಬೀಳುತ್ತದೆ.

● ಎಷ್ಟು ಬೀಳುತ್ತದೆ? 2016ರಲ್ಲಿ ಅಮೆರಿಕದ 24 ಸರ್ಕಾರಿ ವೈದ್ಯಕೀಯ ಕಾಲೇಜುಗಳ ಹತ್ತು ಸಾವಿರಕ್ಕೂ ಹೆಚ್ಚು ವೈದ್ಯ ಅಧ್ಯಾಪಕರ ಸಂಬಳವನ್ನು ತಾಳೆ ನೋಡಿದರು. ಗಂಡು, ಹೆಣ್ಣಿನ ನಡುವೆ ಸರಾಸರಿ ಅಂತರ ವರ್ಷಕ್ಕೆ 51 ಸಾವಿರ ಡಾಲರ್. ವಯಸ್ಸು, ಅನುಭವ, ವಿಭಾಗ, ಹುದ್ದೆ, ಸಂಶೋಧನೆ ಎಲ್ಲವನ್ನೂ ಸರಿದೂಗಿಸಿದ ಮೇಲೂ ಸುಮಾರು 20 ಸಾವಿರ ಡಾಲರ್ ಉಳಿಯಿತು. ಆ ಉಳಿಕೆಯನ್ನು ಇವುಗಳಲ್ಲಿ ಯಾವ ಕಾರಣವೂ ವಿವರಿಸಲಿಲ್ಲ.

● ಅದೇ ಅಧ್ಯಯನದಲ್ಲಿ ನನ್ನನ್ನು ಬಹಳ ದಿನ ಕಾಡಿದ್ದು ಇನ್ನೊಂದು ಸಂಗತಿ. ಮಹಿಳಾ ಪ್ರೊಫೆಸರ್‌ಗಳಿಗೆ ಸಿಗುತ್ತಿದ್ದ ಸಂಬಳ, ಅವರಿಗಿಂತ ಒಂದು ಮೆಟ್ಟಿಲು ಕೆಳಗಿದ್ದ ಪುರುಷ ಅಸೋಸಿಯೇಟ್ ಪ್ರೊಫೆಸರ್‌ಗಳ ಸಂಬಳಕ್ಕೆ ಹೆಚ್ಚುಕಡಿಮೆ ಸಮ.

● ಇಂಗ್ಲೆಂಡಿನಲ್ಲಿ ಸರ್ಕಾರವೇ ವೇತನ ಶ್ರೇಣಿ ನಿಗದಿ ಮಾಡುತ್ತದೆ. ಆದರೂ 2020ರ ಅಧಿಕೃತ ಪರಿಶೀಲನೆಯಲ್ಲಿ ಆಸ್ಪತ್ರೆಯ ಪುರುಷ ಮತ್ತು ಮಹಿಳಾ ವೈದ್ಯರ ನಡುವೆ ಶೇ. 24.4ರಷ್ಟು ಅಂತರ ಕಂಡಿತು. ಕೆಲಸದ ಗಂಟೆಗಳನ್ನು ಸರಿದೂಗಿಸಿದರೂ ಶೇ. 18.9. ಶ್ರೇಣಿ ಒಂದೇ ಇದ್ದಮಾತ್ರಕ್ಕೆ ಕೈಗೆ ಬರುವ ಹಣ ಒಂದೇ ಆಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ. ನಮ್ಮ ಸರ್ಕಾರಿ ಕಾಲೇಜುಗಳೂ ಶ್ರೇಣಿಯ ನೆರಳಲ್ಲಿ ನೆಮ್ಮದಿಯಾಗಿ ಕೂರುವಂತಿಲ್ಲ.

● ಕೆನಡಾದ ಆಂಟೇರಿಯೊದಲ್ಲಿ ಆಪರೇಷನ್‌ಗೆ ಇಷ್ಟು ಎಂದು ಸರ್ಕಾರವೇ ದರ ಕಟ್ಟಿದೆ. ಮಾಡಿದವರು ಯಾರೇ ಆಗಲಿ ದರ ಅದೇ. ಹಾಗಿದ್ದೂ 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಆಪರೇಷನ್ ಮೇಜಿನ ಮುಂದೆ ಕಳೆದ ಪ್ರತಿ ಗಂಟೆಗೆ ಮಹಿಳಾ ಸರ್ಜನ್‌ಗಳು ಶೇ. 24ರಷ್ಟು ಕಡಿಮೆ ಗಳಿಸಿದ್ದರು. ಅವರೇನೂ ನಿಧಾನವಾಗಿ ಕೆಲಸ ಮಾಡಿರಲಿಲ್ಲ. ಒಂದೇ ಬಗೆಯ ಆಪರೇಷನ್‌ಗೆ ಇಬ್ಬರೂ ತೆಗೆದುಕೊಂಡ ಸಮಯ ಒಂದೇ. ಹೆಚ್ಚು ಹಣ ಬರುವ ಆಪರೇಷನ್‌ಗಳು ಅವರ ಪಾಲಿಗೆ ಕಡಿಮೆ ಬಂದಿದ್ದವು, ಅಷ್ಟೆ.

● ಕಡಿಮೆ ಬರಲು ಒಂದು ಕಾರಣ? ಚೀಟಿ! ಸರ್ಜನ್ ಹತ್ತಿರ ರೋಗಿ ತಾನಾಗಿ ಹೋಗುವುದು ಅಪರೂಪ. ಇನ್ನೊಬ್ಬ ಡಾಕ್ಟರು ಬರೆದುಕೊಟ್ಟ ಚೀಟಿ ಹಿಡಿದು ಹೋಗುತ್ತಾನೆ. ಆಂಟೇರಿಯೊದ ಇಪ್ಪತ್ತು ವರ್ಷಗಳ ಸುಮಾರು 4 ಕೋಟಿ ಚೀಟಿಗಳನ್ನು ಲೆಕ್ಕ ಹಾಕಿದಾಗ, ಪುರುಷ ವೈದ್ಯರು ಬರೆದವುಗಳಲ್ಲಿ ಶೇ. 87 ಪುರುಷ ಸರ್ಜನ್‌ಗಳಿಗೇ ಹೋಗಿದ್ದವು. ಮಹಿಳಾ ವೈದ್ಯರು ಬರೆದವುಗಳಲ್ಲಿ ಶೇ. 79. ಶಿವಮೊಗ್ಗದ ನೆಹರೂ ರಸ್ತೆಯ ಕ್ಲಿನಿಕ್ಕಿನಲ್ಲೋ ಭದ್ರಾವತಿಯ ನ್ಯೂಟೌನಿನಲ್ಲೋ ಬರೆಯುವ ಚೀಟಿಗಳನ್ನು ಯಾರೂ ಎಣಿಸಿಲ್ಲ. ಎಣಿಸಿದರೆ ಚಿತ್ರ ಬಹಳ ಬೇರೆಯಾಗಿ ಕಾಣುತ್ತದೆಂದು ನನಗೆ ನಂಬಿಕೆಯಿಲ್ಲ.

● ಚೀಟಿಯ ಕತೆ ಇನ್ನೂ ಇದೆ. ರೋಗಿ ಆಪರೇಷನ್ ನಂತರ ತೀರಿಕೊಂಡರೆ ಏನಾಗುತ್ತದೆ? ಹೆದರ್ ಸಾರ್ಸನ್ಸ್ ಎಂಬ ಅರ್ಥಶಾಸ್ತ್ರಜ್ಞೆ ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ದಾಖಲೆಗಳಲ್ಲಿ ಇದನ್ನು ಹುಡುಕಿದರು. ಸರ್ಜನ್ ಗಂಡಸಾದರೆ ಮುಂದಿನ ಚೀಟಿಗಳು ಅಷ್ಟೇನೂ ಇಳಿಯುವುದಿಲ್ಲ. ಮಹಿಳೆಯಾದರೆ ಗಣನೀಯವಾಗಿ ಇಳಿಯುತ್ತವೆ. ಅಷ್ಟೇ ಅಲ್ಲ, ಚೀಟಿ ಬರೆಯುವ ಡಾಕ್ಟರು ಬೇರೆ ಮಹಿಳಾ ಸರ್ಜನ್‌ಗಳಿಗೂ ಕಳಿಸುವುದನ್ನು ಕಡಿಮೆ ಮಾಡುತ್ತಾರೆ. ಒಬ್ಬಳ ದುರದೃಷ್ಟ ಎಲ್ಲರ ತಲೆಗೆ.

● ಹಾಗಾದರೆ ಮಹಿಳೆಯರ ಕೈಗುಣ ಹೇಗೆ? 2017ರಲ್ಲಿ ಬಂದ ಆಂಟೇರಿಯೊದ್ದೇ ಅಧ್ಯಯನ ಒಂದು ಲಕ್ಷಕ್ಕೂ ಹೆಚ್ಚು ರೋಗಿಗಳನ್ನು, 25 ಬಗೆಯ ಆಪರೇಷನ್‌ಗಳನ್ನು ನೋಡಿತು. ಮಹಿಳಾ ಸರ್ಜನ್‌ಗಳ ರೋಗಿಗಳಲ್ಲಿ 30 ದಿನದೊಳಗಿನ ಸಾವು ಸ್ವಲ್ಪ ಕಡಿಮೆಯೇ ಇತ್ತು.

● 2022ರಲ್ಲಿ ಅದೇ ತಂಡ 13 ಲಕ್ಷ ರೋಗಿಗಳ ದಾಖಲೆ ತೆರೆಯಿತು. ಹೆಣ್ಣು ರೋಗಿಗೆ ಪುರುಷ ಸರ್ಜನ್ ಆಪರೇಷನ್ ಮಾಡಿದಾಗ, ಮಹಿಳಾ ಸರ್ಜನ್ ಮಾಡಿದ್ದಕ್ಕಿಂತ ಕೆಟ್ಟ ಪರಿಣಾಮದ ಸಾಧ್ಯತೆ ಶೇ. 15ರಷ್ಟು ಹೆಚ್ಚು ಕಂಡಿತು. ಇದು ದಾಖಲೆಗಳನ್ನು ನೋಡಿ ಹೇಳಿದ ಮಾತು, ಪ್ರಯೋಗವಲ್ಲ; ಯಾವ ಪುರುಷ ಸರ್ಜನ್ ಮೇಲೂ ಆರೋಪವಲ್ಲ. ಆದರೂ ಮೂಲವ್ಯಾಧಿಯನ್ನೋ ಎದೆಯ ಗಂಟನ್ನೋ ವರ್ಷಗಟ್ಟಲೆ ಮುಚ್ಚಿಟ್ಟುಕೊಳ್ಳುವ ನಮ್ಮ ಹೆಂಗಸರನ್ನು ನೆನೆದರೆ, ಸರ್ಜರಿ ಓಪಿಡಿಯಲ್ಲಿ ಒಬ್ಬ ಮಹಿಳೆ ಕೂತಿರುವುದು ಜೀವ ಉಳಿಸುವ ಸಂಗತಿ. ‘ಲೇಡಿ ಡಾಕ್ಟರ್ ಇದ್ದಾರಾ?’ ಎಂದು ಕೇಳುವ ದನಿ ಓಪಿಡಿ ಸಾಲಿನಲ್ಲಿ ಇಂದಿಗೂ ನಿಂತಿಲ್ಲ.

● ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ 1934ರಲ್ಲಿ ಹುಟ್ಟಿದ ಅನುಪಮಾ ನಿರಂಜನ ವೈದ್ಯೆಯಾಗಿದ್ದುಕೊಂಡೇ ಕನ್ನಡದ ಹೆಣ್ಣುಮಕ್ಕಳಿಗೆ ಮೈಯ ಬಗ್ಗೆ ಸಂಕೋಚವಿಲ್ಲದೆ ಬರೆದರು. ‘ತಾಯಿ-ಮಗು’, ‘ಕೇಳು ಕಿಶೋರಿ’ ಮನೆಮನೆಯ ಪುಸ್ತಕಗಳಾದವು.

● ಜಪಾನಿನಲ್ಲಿ 2013ರಿಂದ 2017ರವರೆಗಿನ ರಾಷ್ಟ್ರೀಯ ದಾಖಲೆ ನೋಡಿದಾಗ, ಮಹಿಳಾ ಸರ್ಜನ್‌ಗಳಿಗೆ ಸಿಕ್ಕ ಆಪರೇಷನ್‌ಗಳೇ ಕಡಿಮೆ. ಆಪರೇಷನ್ ಕಠಿಣವಾದಷ್ಟೂ ಅಂತರ ಹೆಚ್ಚು. ಅನುಭವ ಏರಿದಷ್ಟೂ ಅಂತರ ಹೆಚ್ಚು! ಕೈ ಪಳಗಬೇಕಾದ ವಯಸ್ಸಿನಲ್ಲಿ ಅಪೆಂಡಿಕ್ಸ್, ಪಿತ್ತಕೋಶಗಳಲ್ಲೇ ನಿಲ್ಲಿಸಿದರೆ ಮುಂದೆ ಕ್ಯಾನ್ಸರ್ ಆಪರೇಷನ್‌ಗೆ ಅವರನ್ನು ಯಾರು ಕರೆಯುತ್ತಾರೆ? ಅದೇ ದೇಶದ ಇನ್ನೊಂದು ಅಧ್ಯಯನದಲ್ಲಿ, ಹೆಚ್ಚು ಅಪಾಯದ ರೋಗಿಗಳನ್ನು ಕೊಟ್ಟರೂ ಮಹಿಳೆಯರ ಫಲಿತಾಂಶ ಪುರುಷರಿಗೆ ಸಮವಾಗಿತ್ತು.

● ಟೋಕಿಯೊ ಮೆಡಿಕಲ್ ಯೂನಿವರ್ಸಿಟಿ ಪ್ರವೇಶ ಪರೀಕ್ಷೆಯಲ್ಲಿ ಹೆಣ್ಣುಮಕ್ಕಳ ಅಂಕಗಳನ್ನು ವರ್ಷಗಟ್ಟಲೆ ಕಡಿತ ಮಾಡುತ್ತಿತ್ತು. ಬಯಲಾದದ್ದು 2018ರಲ್ಲಿ. ಮದುವೆ, ಮಕ್ಕಳಾದ ಮೇಲೆ ವೃತ್ತಿ ಬಿಡುತ್ತಾರೆ ಎಂಬುದು ಕೊಟ್ಟ ನೆಪ.

● ವಯಸ್ಸಿನ ಲೆಕ್ಕ ಹಾಕಿ. 18ಕ್ಕೆ ಮೆಡಿಕಲ್ ಸೇರಿದ ಹುಡುಗಿಗೆ ಹೌಸ್ ಸರ್ಜನ್ ಅವಧಿ ಸೇರಿ ಐದೂವರೆ ವರ್ಷ. ಎಂ.ಎಸ್. ಮೂರು ವರ್ಷ. ಸೀನಿಯರ್ ರೆಸಿಡೆಂಟ್ ಒಂದು ವರ್ಷ. ಅಸಿಸ್ಟೆಂಟ್ ಪ್ರೊಫೆಸರ್ ಆಗಿ ನಾಲ್ಕು ವರ್ಷ ಕಳೆದರೆ ಅಸೋಸಿಯೇಟ್, ಅಲ್ಲಿ ಮೂರು ವರ್ಷ ಕಳೆದರೆ ಪ್ರೊಫೆಸರ್ ಹುದ್ದೆಗೆ ಅರ್ಹತೆ. ಜೊತೆಗೆ ಸಂಶೋಧನಾ ಲೇಖನಗಳು ಪ್ರಕಟವಾಗಿರಬೇಕು. ಒಂದು ದಿನವೂ ನಿಲ್ಲದೆ ಓಡಿದರೆ 35ಕ್ಕೆ ಆ ಮೆಟ್ಟಿಲು. ಹೆರುವ ವಯಸ್ಸೂ ಇದೇ. ಎರಡು ಹೆರಿಗೆಗೆ ಬಿಡುವು ತೆಗೆದುಕೊಂಡವಳ ಲೇಖನ ತಡವಾಗುತ್ತದೆ, ಬಡ್ತಿ ತಡವಾಗುತ್ತದೆ, ಮೂಲ ವೇತನ ಹಿಂದೆ ಬೀಳುತ್ತದೆ. ತುಟ್ಟಿಭತ್ಯೆ ಮೂಲ ವೇತನದ ಮೇಲೆ, ನಿವೃತ್ತಿಯ ಹಣವೂ ಅದರ ಮೇಲೆ. ಮೂವತ್ತರಲ್ಲಿ ತಪ್ಪಿದ ಎರಡು ವರ್ಷ ಅರವತ್ತರ ನಂತರವೂ ಕಾಡುತ್ತದೆ. ವೇತನ ಶ್ರೇಣಿ ಸಮ ಎಂದು ಹೇಳುವವರು ಈ ಲೆಕ್ಕವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

● ಮಹಿಳೆಯರ ದುಡಿಮೆ ಮತ್ತು ಗಳಿಕೆಯನ್ನು ಎರಡು ಶತಮಾನಗಳ ಅಂಕಿಅಂಶಗಳಿಂದ ತೋರಿಸಿಕೊಟ್ಟದ್ದಕ್ಕೆ ಕ್ಲಾಡಿಯಾ ಗೋಲ್ಡಿನ್ ಅವರಿಗೆ 2023ರ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರ ಪ್ರಕಾರ ಇಂದಿನ ವೇತನ ಅಂತರದ ದೊಡ್ಡ ಪಾಲು ಶುರುವಾಗುವುದು ಮೊದಲ ಮಗು ಹುಟ್ಟಿದಾಗ.

● ಅಮೆರಿಕದ 692 ಮಹಿಳಾ ಸರ್ಜನ್‌ಗಳನ್ನು ಕೇಳಿದ 2021ರ ಸಮೀಕ್ಷೆಯಲ್ಲಿ ಶೇ. 42 ಮಂದಿ ಗರ್ಭ ಕಳೆದುಕೊಂಡಿದ್ದರು. ಸಾಮಾನ್ಯ ಮಹಿಳೆಯರಿಗಿಂತ ಎರಡು ಪಟ್ಟಿಗೂ ಹೆಚ್ಚು. ಕೊನೆಯ ತಿಂಗಳುಗಳಲ್ಲಿ ವಾರಕ್ಕೆ 12 ಗಂಟೆಗೂ ಹೆಚ್ಚು ಆಪರೇಷನ್ ಮಾಡಿದವರಿಗೆ ತೊಂದರೆ ಹೆಚ್ಚು. ಬೇರೆಯವರ ಜೀವ ಉಳಿಸಲು ಗಂಟೆಗಟ್ಟಲೆ ನಿಂತವರ ಮಡಿಲು ಬರಿದಾಗುವುದನ್ನು ವೃತ್ತಿಯ ಸಹಜ ಬೆಲೆ ಎಂದು ಒಪ್ಪಿಕೊಳ್ಳಲು ನನಗಾಗದು.

● ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನಸಹಿತ ಹೆರಿಗೆ ರಜೆ ಕಾನೂನು. 50 ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯ. ಖಾಸಗಿ ಆಸ್ಪತ್ರೆಗಳಿಗೂ ಇದು ಅನ್ವಯ.

● ಗುತ್ತಿಗೆ ವೈದ್ಯೆಯ ಗುತ್ತಿಗೆ ರಜೆಯ ನಡುವೆಯೇ ಮುಗಿದರೆ? ದೆಹಲಿಯ ಸರ್ಕಾರಿ ಆಸ್ಪತ್ರೆಯೊಂದರ ಸೀನಿಯರ್ ರೆಸಿಡೆಂಟ್ ಒಬ್ಬರು ಈ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದರು. 2023ರ ಆಗಸ್ಟ್‌ನಲ್ಲಿ ತೀರ್ಪು ಬಂತು: ಗುತ್ತಿಗೆ ಮುಗಿದರೂ ಹೆರಿಗೆಯ ಪೂರ್ಣ ಸೌಲಭ್ಯ ಕೊಡಲೇಬೇಕು. ಗುತ್ತಿಗೆಯಲ್ಲಿ ದುಡಿಯುವ ಯುವ ವೈದ್ಯೆಯರೆಲ್ಲ ತಿಳಿದಿರಬೇಕಾದ ತೀರ್ಪು ಇದು.

● ರಾಜ್ಯ ಸರ್ಕಾರಿ ಮಹಿಳಾ ನೌಕರರಿಗೆ ಹೆರಿಗೆ ರಜೆಯ ಜೊತೆಗೆ ಆರು ತಿಂಗಳ ಶಿಶುಪಾಲನಾ ರಜೆ ಘೋಷಣೆಯಾದದ್ದು 2021ರ ಬಜೆಟ್‌ನಲ್ಲಿ. ಮಂಡಿಸಿದವರು ನಮ್ಮ ಜಿಲ್ಲೆಯ ಶಿಕಾರಿಪುರದ ಶಾಸಕರಾಗಿದ್ದ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ. ದಿನ, ಮಾರ್ಚ್ 8, ಮಹಿಳಾ ದಿನ.

● ಮದುವೆಯಾಗಲು ಸರ್ಕಾರದ ಅನುಮತಿ ಬೇಕು ಎಂಬ ನಿಯಮ ಮಹಿಳೆಯರಿಗೆ ಮಾತ್ರ ಇತ್ತು, ಭಾರತೀಯ ವಿದೇಶಾಂಗ ಸೇವೆಯಲ್ಲಿ! ಬಡ್ತಿ ನಿರಾಕರಿಸಿದಾಗ ಇದನ್ನು ಪ್ರಶ್ನಿಸಿದವರು ಕೊಡಗಿನ ಸಿ.ಬಿ. ಮುತ್ತಮ್ಮ. 1979ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಸೇವಾ ನಿಯಮಗಳಲ್ಲಿನ ಲಿಂಗಭೇದವನ್ನು ಕಿತ್ತುಹಾಕುವಂತೆ ಹೇಳಿದರು. ಸರ್ಕಾರಿ ಸೇವೆಯ ಪ್ರತಿ ಹೆಣ್ಣುಮಗಳಿಗೂ ಆ ಕೊಡವತಿಯ ಋಣವಿದೆ.

● ಸಂವಿಧಾನದ 39(ಡಿ) ವಿಧಿ ಹೇಳುವುದು ಸಮಾನ ಕೆಲಸಕ್ಕೆ ಸಮಾನ ವೇತನ. 1976ರಲ್ಲಿ ಅದಕ್ಕೆ ಕಾಯ್ದೆಯ ಬಲ ಬಂತು. ಈಗ ಆ ಕಾಯ್ದೆಯ ಜಾಗದಲ್ಲಿ 2019ರ ವೇತನ ಸಂಹಿತೆ ಇದೆ. ‘ಒಂದೇ ಸ್ವರೂಪದ ಕೆಲಸ’ಕ್ಕೂ ಅದು ಅನ್ವಯವಾಗುತ್ತದೆ.

● ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಶುರುಮಾಡಿದ್ದು 1923ರಲ್ಲಿ. ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾದದ್ದು 1998ರಲ್ಲಿ. ಕಾರ್ಖಾನೆ ಕುಟುಂಬಗಳಿಗೆ ವೇತನ ಒಪ್ಪಂದ ಎಂದರೇನೆಂದು ವಿವರಿಸಬೇಕಿಲ್ಲ. ಯಾವ ದರ್ಜೆಗೆ ಎಷ್ಟು ಎಂಬುದು ಬರಹದಲ್ಲಿರುತ್ತದೆ, ಸಂಘಕ್ಕೆ ಗೊತ್ತಿರುತ್ತದೆ. ಖಾಸಗಿ ಆಸ್ಪತ್ರೆ ಮತ್ತು ಖಾಸಗಿ ಮೆಡಿಕಲ್ ಕಾಲೇಜಿನ ಸರ್ಜನ್‌ಗೆ ಆ ರಕ್ಷಣೆ ಇಲ್ಲ. ಪಕ್ಕದ ಕೋಣೆಯ ಸಹೋದ್ಯೋಗಿ ಎಷ್ಟಕ್ಕೆ ಒಪ್ಪಿಕೊಂಡಿದ್ದಾನೆ, ಆಪರೇಷನ್ ಒಂದಕ್ಕೆ ಅವನ ಪಾಲೆಷ್ಟು ಎಂಬುದು ಅವಳಿಗೆ ತಿಳಿಯುವುದೇ ಇಲ್ಲ. ಈ ವಿಷಯದಲ್ಲಿ ಕುಲುಮೆಯ ಕಾರ್ಮಿಕ ಸರ್ಜನ್‌ಗಿಂತ ಮುಂದಿದ್ದಾನೆ.

● ಕೈಗವಸಿನ ಅಳತೆ 6.5 ಅಥವಾ ಅದಕ್ಕಿಂತ ಚಿಕ್ಕದಿರುವವರಿಗೆ ಲ್ಯಾಪರೊಸ್ಕೋಪಿ ಉಪಕರಣ ಹಿಡಿಯುವುದು ಕಷ್ಟ ಎಂದು 2004ರಲ್ಲೇ ವರದಿಯಾಗಿದೆ. ಹೆಚ್ಚಿನ ಮಹಿಳೆಯರ ಅಳತೆ ಅದೇ. ಹಿಡಿಕೆಗಳು ಮಾತ್ರ ಹೆಚ್ಚಾಗಿ ದೊಡ್ಡ ಕೈಗೇ ತಯಾರಾಗುತ್ತಿವೆ.

● 2024ರಲ್ಲಿ ಕೋಲ್ಕತ್ತಾದ ಆಸ್ಪತ್ರೆಯಲ್ಲಿ ಯುವ ವೈದ್ಯೆಯ ಮೇಲೆ ನಡೆದ ಘೋರ ಕೃತ್ಯದ ನಂತರ, ಆದಷ್ಟೂ ಮಹಿಳಾ ವೈದ್ಯರಿಗೆ ರಾತ್ರಿ ಪಾಳಿ ಬೇಡ ಎಂದು ಪಶ್ಚಿಮ ಬಂಗಾಳ ಸರ್ಕಾರ ಸೂಚಿಸಿತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ: ಮಹಿಳೆಯರಿಗೆ ಬೇಕಿರುವುದು ರಿಯಾಯಿತಿಯಲ್ಲ, ರಕ್ಷಣೆ. ಒಡೆದ ಕರುಳು, ಅಪಘಾತದ ರಕ್ತಸ್ರಾವ, ಇರಿತ ಇವೆಲ್ಲ ಬರುವುದು ಹೆಚ್ಚಾಗಿ ರಾತ್ರಿ. ರಾತ್ರಿ ಪಾಳಿ ತಪ್ಪಿಸಿದರೆ ತುರ್ತು ಆಪರೇಷನ್ ಕಲಿಯುವ ಅವಕಾಶ ತಪ್ಪಿಸಿದಂತೆ. ಬೀಗ ಹಾಕಿಕೊಳ್ಳಬಹುದಾದ ಡ್ಯೂಟಿ ರೂಮು, ಬೆಳಕಿರುವ ಕಾರಿಡಾರು, ಹತ್ತಿರದಲ್ಲೇ ಶೌಚಾಲಯ ಇವೂ ಸಂಬಳದ ಸಮಾನತೆಯ ಭಾಗವೇ.

● ಕಲಬುರಗಿಯ ಕೊಳೆಗೇರಿಯ ಚಮ್ಮಾರಿಕೆಯ ಮನೆಯಲ್ಲಿ ಹುಟ್ಟಿದ ವಿಜಯಲಕ್ಷ್ಮಿ ದೇಶಮಾನೆ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಓದಿದರು. ಮಗಳ ಓದಿಗಾಗಿ ತಾಯಿ ಮಾಂಗಲ್ಯವನ್ನೇ ಕೊಟ್ಟರು. ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸಕಿಯಾಗಿ, ಮೇಷ್ಟ್ರಾಗಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ದುಡಿದು ಅದರ ನಿರ್ದೇಶಕಿಯಾದರು. 2025ರಲ್ಲಿ ಪದ್ಮಶ್ರೀ. ಜಾತಿ, ಬಡತನ, ಹೆಣ್ತನ ಮೂರನ್ನೂ ದಾಟಿ ಬೋಧನಾ ಆಸ್ಪತ್ರೆಯ ತುದಿ ಮುಟ್ಟಿದ ಕನ್ನಡದ ಸರ್ಜನ್ ಇವರು. ಆದರೆ ಇಂಥ ಅಸಾಮಾನ್ಯರನ್ನು ತೋರಿಸಿ ‘ಎಲ್ಲ ಸರಿಯಿದೆ’ ಎನ್ನುವುದು ತಪ್ಪು. ಸಾಮಾನ್ಯ ಪ್ರತಿಭೆಯ ಗಂಡಸಿಗೆ ಪ್ರೊಫೆಸರ್ ಹುದ್ದೆ ಸಿಗುವಾಗ, ಸಾಮಾನ್ಯ ಪ್ರತಿಭೆಯ ಹೆಂಗಸಿಗೂ ಸಿಗಬೇಕು.

● ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2022ರ ವರದಿ ಪ್ರಕಾರ ಜಗತ್ತಿನ ಆರೋಗ್ಯ ಕ್ಷೇತ್ರದ ಕೆಲಸಗಾರರಲ್ಲಿ ಶೇ. 67 ಮಹಿಳೆಯರು. ವೇತನದ ಅಂತರ ಸುಮಾರು ಶೇ. 24.

● ಕೊನೆಯದಾಗಿ, ನಿಮ್ಮ ಕೈಯಲ್ಲೇ ಇರುವ ಒಂದು ಅಧಿಕಾರ. ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಪ್ರಕಾರ ಪ್ರತಿ ಸಾರ್ವಜನಿಕ ಸಂಸ್ಥೆಯೂ ತನ್ನ ಎಲ್ಲ ಅಧಿಕಾರಿ, ನೌಕರರ ತಿಂಗಳ ವೇತನವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಸರ್ಕಾರಿ ಮೆಡಿಕಲ್ ಕಾಲೇಜೂ ಅದರಲ್ಲಿ ಸೇರಿದೆ. ಪ್ರಕಟವಾಗಿಲ್ಲದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಬರಬೇಕು. ಸರ್ಜರಿಯ ವಿಭಾಗಗಳಲ್ಲಿ ಪ್ರೊಫೆಸರ್, ಅಸೋಸಿಯೇಟ್, ಅಸಿಸ್ಟೆಂಟ್ ಹುದ್ದೆಗಳಲ್ಲಿ ಮಹಿಳೆಯರೆಷ್ಟು, ಯೂನಿಟ್ ಮುಖ್ಯಸ್ಥೆಯರೆಷ್ಟು, ಬಡ್ತಿಗೆ ಹಿಡಿದ ವರ್ಷಗಳೆಷ್ಟು, ದೊಡ್ಡ ಆಪರೇಷನ್‌ಗಳಲ್ಲಿ ಅವರ ಪಾಲೆಷ್ಟು ಎಂದು ಕೇಳಿ. ಶಿವಮೊಗ್ಗದವರು ಮೆಗ್ಗಾನ್ ಬಗ್ಗೆ ಕೇಳಿ, ಭದ್ರಾವತಿಯವರು ತಾಲೂಕು ಆಸ್ಪತ್ರೆಯ ಬಗ್ಗೆಯೂ ಕೇಳಿ. ಮುಂದಿನ ಬಾರಿ ನಿಮ್ಮ ಡಾಕ್ಟರು ಸರ್ಜನ್‌ಗೆ ಚೀಟಿ ಬರೆಯುವಾಗ, ಈ ಊರಿನಲ್ಲಿ ಈ ಆಪರೇಷನ್ ಮಾಡುವ ಮಹಿಳಾ ಸರ್ಜನ್ ಯಾರಿದ್ದಾರೆ ಎಂದು ಅವರನ್ನೂ ಒಂದು ಮಾತು ಕೇಳಿ.